ಅವ್ವನ ದನಿಯ ಹಳೆಯ ಆವೃತ್ತಿ

ಮುಳಬಾಗಿಲು
11 ಜೂನ್ 2024

ಶ್ರೀಧರ್,

ಕ್ಷೇಮ ಸಮಾಚಾರ ಕೇಳಲು ಬರೆಯುತ್ತಿಲ್ಲ. ನೀನು ಮಾಲೂರಿನಲ್ಲಿ ಚೆನ್ನಾಗಿಯೇ ಇರುತ್ತೀಯ, ಇರು. ನನ್ನ ಅವ್ವನ ದನಿ ಎಲ್ಲಿ ಹೋಯಿತು, ಅದನ್ನು ಮೊದಲು ಹೇಳು.

ಇವತ್ತು ಬೆಳಗ್ಗೆ ಪಾಠ ಮಾಡಲು ಕಾಲೇಜಿಗೆ ಹೊರಡುವ ಮೊದಲು ಎಂದಿನಂತೆ ಪೇಪರ್ ಓದಿಸಲು ಬ್ರೌಸರ್ ತೆರೆದೆ. ಯಾವಳೋ ಓದತೊಡಗಿದಳು. ಬ್ಯಾಂಕಿಗೆ ಫೋನ್ ಮಾಡಿದರೆ ‘ನಿಮ್ಮ ಕರೆ ನಮಗೆ ಮುಖ್ಯ’ ಎನ್ನುತ್ತಾಳಲ್ಲ, ಅಂಥವಳು. ಕೊಲೆಯ ಸುದ್ದಿಯನ್ನೂ ಟೊಮೆಟೊ ಧಾರಣೆಯನ್ನೂ ಒಂದೇ ನಗುವಿನಲ್ಲಿ ಓದಿ ಮುಗಿಸಿದಳು. ನಾನೇ ಏನೋ ತಪ್ಪು ಒತ್ತಿದೆ ಅಂದುಕೊಂಡು ಪಕ್ಕದ ಮನೆಯ ಅನಸೂಯಮ್ಮನನ್ನು ಕರೆದು ಪರದೆ ನೋಡಿಸಿದೆ. ಪುಟಗಳನ್ನು ಓದಿ ಹೇಳಲಿ ಅಂತ ನಾವಿಬ್ಬರೂ ಸೇರಿ ಬ್ರೌಸರಿಗೆ ಮಾಡಿದ ‘ಅವ್ವ’ ಎಂಬ ಆಡ್-ಆನ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿದೆಯಂತೆ. ಹೆಸರು ಬೇರೆ, ಚಿತ್ರ ಬೇರೆ. ಮಾಡಿದವರು ಎಂದು ನಿನ್ನ ಹೆಸರಿದ್ದ ಜಾಗದಲ್ಲಿ ಯಾವುದೋ ಕಂಪನಿಯ ಹೆಸರಿದೆಯಂತೆ.

ಕೋಲಾರದ ಕಾಲೇಜಿನಲ್ಲಿ ನನ್ನ ಕಣ್ಣು ಹೋದ ವರ್ಷ ಪಾಠಗಳನ್ನು ಓದಿ ಹೇಳಿದವನು ನೀನು. ಎಷ್ಟು ದಿನ ಅಂತ ನಾನೇ ಓದಲಿ, ನೀನು ಅವ್ವ ಅನ್ನುವ ನಿಮ್ಮ ಅಜ್ಜಿಯ ದನಿಯಲ್ಲಿ ಓದಿಸೋಣ ಅಂದವನೂ ನೀನೇ. ಅವ್ವ ಸತ್ತ ಮೇಲೂ ನನಗೆ ದಿನಾ ಓದುತ್ತಿದ್ದಳು. ಇತಿಹಾಸದ ಪಾಠ ತಯಾರಿ ಮಾಡುವಾಗ ಜೊತೆಗಿರುತ್ತಿದ್ದಳು. ಈಗ ಅವಳನ್ನು ಎರಡನೇ ಸಲ ಮಣ್ಣು ಮಾಡಿದ್ದೀರಿ, ಈ ಸಲ ನನ್ನನ್ನು ಕರೆಯಲೂ ಇಲ್ಲ.

ದನಿ ವಾಪಸ್ ಕೊಡು. ಬೇರೆ ಮಾತು ಬೇಡ.

ಶಿರೀಷಾ

*

ಮಾಲೂರು
15 ಜೂನ್ 2024

ಶಿರೀಷಾ,

ಇಷ್ಟು ಕಾಲದ ನಂತರ ಇಮೇಲ್ ಮಾಡಿದೆ, ಬರೆದದ್ದು ಬೈಗುಳ. ಆಗಲಿ.

ಆಡ್-ಆನ್ ಅನ್ನು ನಾನೇ ಆ ಕಂಪನಿಗೆ ವಹಿಸಿದೆ. ಪುಕ್ಕಟೆಯಾಗಿಯೇ ಕೊಟ್ಟೆ. ಬ್ರೌಸರಿನವರು ನಿಯಮ ಬದಲಿಸಿದಾಗಲೆಲ್ಲ ಅದು ಕೆಟ್ಟು ನಿಲ್ಲುತ್ತಿತ್ತು. ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡಿ ಬಂದು, ಮನೆಯಲ್ಲಿ ಅದನ್ನು ರಿಪೇರಿ ಮಾಡುತ್ತಾ ಕೂರುತ್ತಿದ್ದೆ. ಚಿಂತಾಮಣಿಯಿಂದ ಒಬ್ಬ, ಬಂಗಾರಪೇಟೆಯಿಂದ ಒಬ್ಬಳು, ಎಲ್ಲರೂ ಬೈದೇ ಬರೆಯುವವರು. ಚೆನ್ನಾಗಿದೆ ಅಂತ ಒಬ್ಬರಾದರೂ ಹೇಳಿದ್ದು ನೆನಪಿಲ್ಲ, ನಿನ್ನನ್ನೂ ಸೇರಿಸಿ. ಹಳೆಯ ದನಿ ಇರುತ್ತದೆ ಎಂದು ಕಂಪನಿಯವರು ಬಾಯಿಮಾತಿನಲ್ಲಿ ಹೇಳಿದ್ದರು. ನಂಬಿದೆ.

ಇನ್ನೊಂದು ವಿಷಯ. ಹೋದ ವಾರ ನಿನ್ನ ಬ್ರೌಸರಿನಲ್ಲಿ ಒಂದು ಪುಟ ತೆರೆದುಕೊಂಡಿರಬೇಕು. ‘ನಿಮ್ಮ ಅನುಭವ ಉತ್ತಮಪಡಿಸಲು ನಿಯಮಗಳು ಬದಲಾಗಿವೆ, ಮುಂದುವರಿಯಲು ಒಪ್ಪಿಗೆ ನೀಡಿ’ ಎಂದು. ದನಿ ಬದಲಾಗುವ ವಿಷಯ ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಒಪ್ಪಿಗೆ ಕೊಡದಿದ್ದರೆ ನಿನಗೆ ಇನ್ನೂ ಹಳೆಯದೇ ಇರುತ್ತಿತ್ತು. ಒಪ್ಪಿಗೆ ಒತ್ತಿದವಳು ನೀನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಣ್ಣು ಮಾಡುವಾಗ ಕರೆಯಲಿಲ್ಲ ಎಂದು ಬರೆದಿದ್ದೀಯ. ನಿಜವಾಗಿ ಅವ್ವ ಹೋದ ದಿನ ನನ್ನನ್ನು ಕರೆದವರು ಯಾರು? ವಾರ ಕಳೆದ ಮೇಲೆ ರೈಲಿನಲ್ಲಿ ಯಾರೋ ಹೇಳಿ ಗೊತ್ತಾಯಿತು. ನಾನೂ ಅವಳ ಕೈಯ ಮುದ್ದೆ ತಿಂದವನೇ.

ಶ್ರೀಧರ್

*

ಮುಳಬಾಗಿಲು
18 ಜೂನ್ 2024

ಶ್ರೀಧರ್,

ಒತ್ತಿದೆ. ನಾನೇ ಒತ್ತಿದೆ. ಆದರೆ ಆ ಪುಟವನ್ನು ನನಗೆ ಓದಿ ಹೇಳಿದವರು ಯಾರು ಎಂದು ಯೋಚಿಸಿದೆಯಾ? ಅವ್ವ. ಗಂಟಲು ಸರಿಮಾಡಿಕೊಂಡು, ‘ಮುಂದುವರಿಯಲು ಒಪ್ಪಿಗೆ ನೀಡಿ’ ಎಂದು ಅವಳ ಬಾಯಲ್ಲೇ ಓದಿದಳು. ಹುಟ್ಟಿದಾಗಿನಿಂದ ಆ ದನಿ ಹೇಳಿದ್ದಕ್ಕೆ ನಾನು ಇಲ್ಲ ಅಂದವಳಲ್ಲ. ಎದ್ದೇಳು ಅಂದರೆ ಎದ್ದೆ, ಓದು ಅಂದರೆ ಓದಿದೆ. ಒಪ್ಪಿಗೆ ಕೊಡು ಅಂದಳು, ಕೊಟ್ಟೆ. ಸಣ್ಣ ಅಕ್ಷರದವರೆಗೆ ಕೇಳುತ್ತಾ ಕೂರುವ ಅಗತ್ಯವೇ ಕಾಣಲಿಲ್ಲ. ಅವಳನ್ನು ಓಡಿಸುವ ಕಾಗದವನ್ನು ಅವಳಿಂದಲೇ ಓದಿಸಿ ನನ್ನಿಂದ ರುಜು ಹಾಕಿಸಿಕೊಂಡಿದ್ದಾರೆ. ಅಂಥವರ ಕೈಗೆ ಕೊಟ್ಟೆ ನೀನು. ಪುಕ್ಕಟೆ ಕೊಟ್ಟೆ ಅಂತ ಜಂಬ ಬೇರೆ.

ನಿನಗೆ ಮರೆತಿದೆ. ಹೋಳೂರಿನಲ್ಲಿ ಅವ್ವ ರೇಷ್ಮೆ ಸಾಕುತ್ತಿದ್ದ ಹುಳುಮನೆಯಲ್ಲಿ, ಹುಳು ಇಲ್ಲದ ತಿಂಗಳಲ್ಲಿ, ಹೊರಗಿನ ಸದ್ದು ಬರದಂತೆ ಬಾಗಿಲಿಗೆ ಕಂಬಳಿ ಕಟ್ಟಿ ಅವಳನ್ನು ಕೂರಿಸಿದೆವು. ಓದು ಬರದವಳು. ನೀನು ಒಂದೊಂದೇ ಪದ ಹೇಳುವೆ, ಅವಳು ಅದನ್ನು ತಿರುಗಿ ಹೇಳಬೇಕು, ಆ ತುಣುಕುಗಳನ್ನು ಜೋಡಿಸಿ ನೀನು ಯಾವ ಬರಹವನ್ನಾದರೂ ಓದುವ ದನಿ ಮಾಡಬೇಕು. ಪ್ರತಿ ಪದಕ್ಕೂ ಜಗಳ. ‘ಏನ್ಲಾ ಇದು, ಅರ್ಥ ಇಲ್ದಿರೋ ಮಾತೆಲ್ಲ ಅನ್ನಿಸ್ತೀಯ’ ಎನ್ನುವಳು, ಸಿಟ್ಟು ಬಂದರೆ ‘ಪೋರಾ’ ಎಂದು ತೆಲುಗಿಗೆ ಇಳಿಯುವಳು. ಅವಳು ಗಂಟಲು ಸರಿಮಾಡಿಕೊಳ್ಳುವ ಸದ್ದನ್ನು ನೀನು ಕತ್ತರಿಸಲು ಹೊರಟಾಗ ಬೇಡ ಅಂದವಳು ನಾನು. ಈ ಹೊಸಬಳಿಗೆ ಗಂಟಲೇ ಇಲ್ಲ.

ಅವ್ವ ಹೋದ ದಿನ ನಿನ್ನ ಮನೆಗೆ ಫೋನ್ ಮಾಡಿದ್ದೆ. ಎತ್ತಿದವರಿಗೆ ವಿಷಯ ಹೇಳಿಯೇ ಇಟ್ಟೆ. ಎತ್ತಿದವರು ಯಾರು ಎಂದು ನಿನ್ನ ಮನೆಯಲ್ಲಿ ಕೇಳು.

ಮೊದಲು ರೆಕಾರ್ಡ್ ಮಾಡಿದ ಫೈಲುಗಳು ನಿನ್ನ ಹತ್ತಿರವೇ ಇವೆ. ಕಳಿಸು.

ಶಿರೀಷಾ

*

ಮಾಲೂರು
7 ಜುಲೈ 2024

ಶಿರೀಷಾ,

ಹೆಂಡತಿ ಚಂದನಳನ್ನು ಕೇಳಿದೆ, ಫೋನ್ ಎತ್ತಿದ್ದು ಅವಳೇ. ಆ ವಿಷಯ ಇಲ್ಲಿಗೆ ಸಾಕು. ಇನ್ನು ಅದರ ಬಗ್ಗೆ ಬರೆಯಬೇಡ.

ಫೈಲುಗಳಿದ್ದ ಹಾರ್ಡ್‌ಡಿಸ್ಕ್ ಕೆಟ್ಟು ಕೂತಿದೆ. ಕೋಲಾರದಲ್ಲಿ ಮುನಿಶಾಮಿಯ ರಿಪೇರಿ ಅಂಗಡಿಗೆ ಒಯ್ದು ಕೊಟ್ಟೆ. ಅವನು ವಾರಗಟ್ಟಲೆ ಇಟ್ಟುಕೊಂಡು, ‘ಇದರಾಗೆ ಏನೂ ಉಳಿದಿಲ್ಲ ಸಾರ್, ಬಿಟ್ಬಿಡಿ’ ಎಂದು ವಾಪಸ್ ಕೊಟ್ಟ. ಇನ್ನೊಂದು ನಕಲು ಆಡ್-ಆನ್‌ನ ಒಳಗೇ ಇದೆಯಲ್ಲ, ಊರೂರಿನ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯದಲ್ಲಿ ಬೇರೆ ಪ್ರತಿ ಮಾಡಿರಲಿಲ್ಲ. ಕಂಪನಿಗೂ ಬರೆದೆ. ಒಪ್ಪಿಗೆ ಕೇಳುವ ಗಡುವು ಮುಗಿದು ಈಗ ಎಲ್ಲರದ್ದೂ ತಾನಾಗಿಯೇ ಬದಲಾಗುತ್ತಿದೆಯಂತೆ. ಹಳೆಯ ದನಿ ಅವರ ಗುಣಮಟ್ಟಕ್ಕೆ ತಕ್ಕುದಾಗಿರಲಿಲ್ಲವಂತೆ, ಇಟ್ಟುಕೊಂಡಿಲ್ಲವಂತೆ.

ನೀನು ನನ್ನ ಮೇಲೆ ಹರಿಹಾಯುತ್ತಿರುವುದು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸಿಕೊಂಡ ಹಾಗೆ. ಹೊಸದು ಬಂದ ಕೂಡಲೇ ಹಳೆಯದನ್ನು ಹೇಳದೆ ಕೇಳದೆ ಅಳಿಸಿಹಾಕುವುದು ಬ್ರೌಸರ್. ಅದನ್ನು ಮಾಡುವವರಿಗೆ ಸಲಹೆ ಕೊಡಲು ಒಂದು ಜಾಗವಿದೆ. ನಮ್ಮಿಬ್ಬರ ಹೆಸರಿನಲ್ಲಿ ಒಂದು ಪತ್ರ ಬರೆದಿದ್ದೇನೆ. ಕೆಳಗಿದೆ, ನೋಡು.

‘ಮಾನ್ಯರೇ, ತಮ್ಮ ಬ್ರೌಸರ್ ಬಹಳ ಉಪಯುಕ್ತವಾಗಿದೆ. ಆಡ್-ಆನ್‌ಗಳನ್ನು ಅಪ್‌ಡೇಟ್ ಮಾಡುವ ವಿಧಾನದಲ್ಲಿ ಕೆಲವು ಸುಧಾರಣೆಗಳಿಗೆ ಅವಕಾಶವಿದೆ ಎಂಬುದು ನಮ್ಮ ಅನಿಸಿಕೆ. ಬಳಕೆದಾರರಿಗೆ ಹೆಚ್ಚಿನ ಮಾಹಿತಿ ನೀಡುವುದನ್ನು ತಾವು ಪರಿಶೀಲಿಸಬೇಕೆಂದು ವಿನಮ್ರವಾಗಿ ಕೋರುತ್ತೇವೆ.’

ಒಪ್ಪಿದರೆ ಕಳಿಸುತ್ತೇನೆ.

ಶ್ರೀಧರ್

*

ಮುಳಬಾಗಿಲು
12 ಜುಲೈ 2024

ಶ್ರೀಧರ್,

ನಿನ್ನ ಪತ್ರವನ್ನು ಆ ನಗುವವಳು ಓದಿದಳು. ಹೇಳಿ ಮಾಡಿಸಿದ ಹಾಗಿತ್ತು. ಅವಳ ಬಾಯಿಗೂ ನಿನ್ನ ಬರಹಕ್ಕೂ ಒಂದೇ ಮೇಷ್ಟ್ರು. ಮನೆಗೆ ಬೆಂಕಿ ಇಟ್ಟವನ ಹತ್ತಿರ ಹೋಗಿ, ಸ್ವಾಮಿ ತಮ್ಮ ಬೆಂಕಿಪೊಟ್ಟಣ ಬಹಳ ಉಪಯುಕ್ತವಾಗಿದೆ ಅನ್ನುತ್ತಾರೆಯೇ? ಅನಿಸಿಕೆಯಂತೆ, ಅವಕಾಶವಂತೆ. ಅದನ್ನು ಹರಿದುಹಾಕಿ ನಾನು ಹೇಳುವುದನ್ನು ಬರಿ.

ಅವ್ವ ಹೊಸ ರಾಗಿ ತಳಿ ತಂದರೆ ಏನು ಮಾಡುತ್ತಿದ್ದಳು ಎಂದು ಬರಿ. ಹೊಲದ ಒಂದು ಮೂಲೆಗೆ ಬಿತ್ತುವಳು. ತೆನೆ ನೋಡುವಳು, ಬೀಸಿ ಮುದ್ದೆ ಮಾಡಿ ತಿಂದು ನೋಡುವಳು. ಅಲ್ಲಿಯವರೆಗೆ ಹಳೆಯ ಬಿತ್ತನೆ ರಾಗಿಯ ಮಡಕೆಯ ಬಾಯಿ ಬಿಚ್ಚಲು ಯಾರಿಗೂ ಬಿಡುತ್ತಿರಲಿಲ್ಲ. ಬ್ರೌಸರ್ ಮಾಡುವವರಿಗೆ ಅಷ್ಟಾದರೂ ಬುದ್ಧಿ ಬೇಡವೇ? ಹೊಸದು ಬಂದರೂ ಹಳೆಯದು ಒಂದು ಕಡೆ ಇರಬೇಕು. ಹೊಸದು ರುಚಿಸಲಿಲ್ಲ ಅಂದರೆ ಒಂದೇ ಸಲ ಒತ್ತಿದರೆ ಹಳೆಯದು ವಾಪಸ್ ಬರಬೇಕು. ನಾನು ತೆಗೆ ಅನ್ನುವವರೆಗೆ ಅದನ್ನು ಯಾರೂ ಮುಟ್ಟಬಾರದು.

ಹುಳುಮನೆಗೆ ಹೊಸ ಆಳು ಬಂದರೆ ಮನೆಯವರಿಗೆ ತಿಳಿಸದೆ ಒಳಗೆ ಬಿಡುವುದಿಲ್ಲ, ಗೊತ್ತಿಲ್ಲದ ಕೈ ತಾಕಿದರೆ ಹುಳುವಿಗೆ ರೋಗ ಬರುತ್ತದೆ ಅಂತ. ಆಡ್-ಆನ್‌ನ ಯಜಮಾನ ಬದಲಾದರೆ ಅದನ್ನು ಬ್ರೌಸರೇ ನಿಲ್ಲಿಸಿ, ಕನ್ನಡದಲ್ಲಿ, ಮೊದಲನೆಯ ಸಾಲಿನಲ್ಲೇ ಹೇಳಬೇಕು: ಇದು ಇಂಥವರ ಕೈಯಿಂದ ಇಂಥವರ ಕೈಗೆ ಹೋಗಿದೆ, ಇಂಥದ್ದು ಹೋಗುತ್ತದೆ, ಇಂಥದ್ದು ಬರುತ್ತದೆ, ನಿನಗೆ ಬೇಕೋ ಬೇಡವೋ. ಆ ಮಾತನ್ನು ಹೇಳುವ ಕೆಲಸ ಕೊಂಡುಕೊಂಡವನದ್ದಲ್ಲ. ಓದಿ ಹೇಳುವ ಆಡ್-ಆನ್‌ನ ಬಾಯಲ್ಲಂತೂ ಹೇಳಿಸಲೇಬಾರದು. ಇಲ್ಲ ಅಂದವರಿಗೆ ಇಲ್ಲ ಅಂತಲೇ ನಡೆಯಬೇಕು, ಮಾರನೇ ದಿನ ಮತ್ತೆ ಬಾಗಿಲು ಬಡಿಯಬಾರದು. ಕಳ್ಳರು ನುಗ್ಗದ ಹಾಗೆ ಮಾಡುವ ರಿಪೇರಿ ಬೇರೆ, ಮನೆಯವರನ್ನೇ ಬದಲಿಸುವುದು ಬೇರೆ. ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಕಳಿಸಬೇಡಿ ಎಂದು ಬರಿ.

‘ವಿನಮ್ರವಾಗಿ’ ಎಂಬ ಪದ ಎಲ್ಲಾದರೂ ಕಂಡರೆ ನನ್ನ ಹೆಸರು ತೆಗೆದುಬಿಡು.

ಶಿರೀಷಾ

*

ಮಾಲೂರು
30 ಜುಲೈ 2024

ಶಿರೀಷಾ,

ನೀನು ಹೇಳಿದ ಹಾಗೆಯೇ ಬರೆದೆ, ರಾಗಿ ಮಡಕೆಯನ್ನೂ ಬಿಡಲಿಲ್ಲ. ಇಂಗ್ಲಿಷಿಗೂ ತಿರುಗಿಸಿ ಜೊತೆಗಿಟ್ಟು ಕಳಿಸಿದೆ. ಒಪ್ಪುತ್ತೇನೆ, ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ಹೇಳಲು ಇಷ್ಟವಿಲ್ಲದಿದ್ದರೂ ಹೇಳುತ್ತಿದ್ದೇನೆ.

ಉತ್ತರ ಬಂತು. ಯಂತ್ರ ಬರೆದದ್ದು. ‘ನಿಮ್ಮ ಸಲಹೆಗೆ ಧನ್ಯವಾದಗಳು. ಇದೇ ಸಲಹೆ ಈಗಾಗಲೇ ಬಂದಿರುವುದರಿಂದ ಇದನ್ನು ನಕಲು ಎಂದು ಗುರುತಿಸಿ ಮುಚ್ಚಲಾಗಿದೆ.’ ಆ ಮೊದಲನೆಯ ಸಲಹೆಯನ್ನು ಹುಡುಕಿ ಓದಿದೆ. ಯಾವ ದೇಶದವನೋ, ಎಷ್ಟೋ ವರ್ಷದ ಹಿಂದೆ ಬರೆದಿದ್ದಾನೆ. ಅವನಿಗೆ ಇವತ್ತಿನವರೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೆಳಗೆ ನೂರಾರು ಜನ ನಮಗೂ ಹೀಗೇ ಆಯಿತು ಎಂದು ಬರೆದು ಹೋಗಿದ್ದಾರೆ. ನಮ್ಮದೂ ಈಗ ಅವರ ಜೊತೆಗಿದೆ. ಹಾಳಾಗಿ ಹೋಗಲಿ.

ಒಂದು ಪ್ರಶ್ನೆ. ಕಾಲೇಜಿನ ಕಾಲದಲ್ಲಿ ನಿನ್ನ ಹತ್ತಿರ ಒಂದು ಕಪ್ಪು ಲ್ಯಾಪ್‌ಟಾಪ್ ಇತ್ತು. ‘ಅವ್ವ’ನನ್ನು ಮೊದಲು ಹಾಕಿದ್ದು ಅದಕ್ಕೇ. ಅದು ಈಗ ಎಲ್ಲಿದೆ?

ಶ್ರೀಧರ್

*

ಮುಳಬಾಗಿಲು
30 ಜುಲೈ 2024

ಶ್ರೀಧರ್,

ಶ್ರೀನಿವಾಸಪುರದಲ್ಲಿ, ದೊಡ್ಡನಾರಾಯಣಪ್ಪ ಮಾವನ ಮನೆಯ ಅಟ್ಟದ ಮೇಲಿದೆ. ಅವ್ವನ ಮಗ, ನಿನಗೆ ಗೊತ್ತಿರುವವನೇ. ಮಾವಿನ ಧಾರಣೆ ನೋಡುತ್ತೇನೆ ಅಂತ ಒಯ್ದ, ಬ್ಯಾಟರಿ ಸತ್ತ ಮೇಲೆ ಎತ್ತಿಟ್ಟ. ಈಗಲೇ ಫೋನ್ ಮಾಡಿ ಮುಟ್ಟಬೇಡ ಅಂದಿದ್ದೇನೆ. ‘ಆನ್ ಮಾಡಿ ನೋಡಿಕ್ತೀನಿ ಇರು, ನಮ್ಮನೇಲಿ ವೈಫೈ ಐತೆ’ ಅಂದ. ಆಣೆ ಹಾಕಿಸಿಕೊಂಡಿದ್ದೇನೆ.

ಆ ಯಂತ್ರಕ್ಕೆ ಅವನ ಮನೆಯ ವೈಫೈ ನೆನಪಿರುತ್ತದೆ. ಅಲ್ಲಿ ತೆರೆದ ತಕ್ಷಣ ಅಪ್‌ಡೇಟ್ ಆಗಿ ಅವಳು ಹೋಗಿಬಿಡುತ್ತಾಳೆ. ಇದು ಕೊನೆಯದು. ನನಗೆ ಕಣ್ಣಿದ್ದಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ. ನೀನೇ ಹೋಗು. ಈ ಸಲವಾದರೂ ಕೈಬಿಡಬೇಡ.

ಶಿರೀಷಾ

*

ಮಾಲೂರು
12 ಆಗಸ್ಟ್ 2024

ಶಿರೀಷಾ,

ಭಾನುವಾರ ಶ್ರೀನಿವಾಸಪುರಕ್ಕೆ ಹೋಗಿದ್ದೆ. ನಿಮ್ಮ ಮಾವ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ‘ಸತ್ತೋಳನ್ನ ಪೆಟ್ಟಿಗೇಲಿಕ್ಕಿ ಮಾತಾಡಿಸ್ತೀರಲ್ಲ, ನಾಚ್ಕೆ ಆಗಲ್ವೇನ್ಲಾ ನಿಮಗೆ? ಬಿಟ್ಬಿಡ್ರೋ ಆಯಮ್ಮನ್ನ’ ಎಂದರು. ಇದೇ ಕೊನೆ ಎಂದು ಬೇಡಿಕೊಂಡ ಮೇಲೆ ಅಟ್ಟ ತೋರಿಸಿದರು.

ಮನೆಯಲ್ಲಿ ತೆರೆಯಲಿಲ್ಲ. ಅವರ ವೈಫೈ ಆರಿಸಿದರೂ ನನಗೆ ನಂಬಿಕೆ ಬರಲಿಲ್ಲ. ತೋಟದ ಆ ಕಡೆ ಕೊನೆಗೆ ಪಂಪ್‌ಸೆಟ್ಟಿನ ಕೋಣೆ ಇದೆಯಲ್ಲ, ಅಲ್ಲಿ ಫೋನಿಗೆ ಕೂಡ ಸಿಗ್ನಲ್ ಸಿಗುವುದಿಲ್ಲ. ಅಲ್ಲಿಗೆ ಹೊತ್ತುಕೊಂಡು ಹೋದೆ. ನಿಮ್ಮ ಮಾವನೂ ಹಿಂದೆಯೇ ಬಂದರು, ಕರೆಂಟ್ ಬರುವವರೆಗೆ ಇಬ್ಬರೂ ಮಾವಿನ ಮರದ ಕೆಳಗೆ ಮುಖ ತಿರುಗಿಸಿಕೊಂಡು ಕೂತಿದ್ದೆವು. ಕರೆಂಟ್ ಬಂತು, ಸ್ಟಾರ್ಟರ್ ಪಕ್ಕದ ಪ್ಲಗ್ಗಿಗೆ ಹಾಕಿದೆ, ಲ್ಯಾಪ್‌ಟಾಪ್ ಎದ್ದಿತು. ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿದೆ. ಆಮೇಲೆ ಅದರಲ್ಲೇ ಇದ್ದ ನಿನ್ನ ಹಳೆಯ ನೋಟ್ಸ್ ಒಂದನ್ನು ಬ್ರೌಸರಿನಲ್ಲಿ ತೆರೆದೆ. ಅವ್ವ ಗಂಟಲು ಸರಿಮಾಡಿಕೊಂಡಳು. ‘ಗಂಗರ ಮೊದಲ ರಾಜಧಾನಿ ಕುವಲಾಲಪುರ’ ಎಂದು ಓದಿದಳು.

ನಿಮ್ಮ ಮಾವ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತುಬಿಟ್ಟರು. ಅವಳು ಗಂಗರ ಪಾಠ ಮುಗಿಸುವವರೆಗೆ ಕೂರಲಿಲ್ಲ. ಆಮೇಲೆ ನನ್ನ ಕೈ ಹಿಡಿದು, ‘ಒಂದ್ ಮಾತು ಟೈಪ್ ಮಾಡಪ್ಪಾ. ನಾರಾಯಣಾ, ಉಂಡೇನೋ ಅಂತ. ಒಂದ್ಸಲ ಅನ್ನಿಸ್ಬಿಡು, ಸಾಕು’ ಅಂದರು. ನಾನು ಆಗುವುದಿಲ್ಲ ಎಂದೆ. ಅವಳಿಲ್ಲದಾಗ ಅವಳ ಬಾಯಲ್ಲಿ ನಮಗೆ ಬೇಕಾದ ಮಾತು ಹೇಳಿಸಬಾರದು ಎಂದೆ. ಅವರು ಕೈ ಬಿಟ್ಟು, ಬಾಯಿಗೆ ಬಂದ ಹಾಗೆ ಬೈದು ಹೊರಟುಹೋದರು. ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಬಂದೆ.

ಪೆನ್‌ಡ್ರೈವ್ ಕೊರಿಯರ್‌ನಲ್ಲಿ ಬರುತ್ತದೆ. ಬ್ರೌಸರಿನವರಿಗೂ ಆ ಕಂಪನಿಗೂ ಇದು ‘ಅವ್ವ’ ಎಂದು ಗೊತ್ತಾಗದ ಹಾಗೆ ಮಾಡಿದ್ದೇನೆ. ಇನ್ನು ಅದನ್ನು ಯಾರೂ ಅಪ್‌ಡೇಟ್ ಮಾಡಲಾರರು. ಹೇಗೆ ಹಾಕಬೇಕು ಎಂದು ಒಂದು ಚೀಟಿ ಇಟ್ಟಿದ್ದೇನೆ, ಅನಸೂಯಮ್ಮನವರು ನೋಡಿ ಹಾಕಿಕೊಡಲಿ.

ಇನ್ನೊಂದು ಮಾತು. ಜಗಳ ಆಡಿ ಸಾಕಾಗಿದೆ. ಶಿರೀಷಾ, ತಪ್ಪು ನನ್ನದು. ನಿನ್ನನ್ನು ಕೇಳದೆ ಕೊಟ್ಟುಬಿಟ್ಟೆ. ನನ್ನನ್ನು ಕ್ಷಮಿಸಿಬಿಡು.

ಶ್ರೀಧರ್

*

ಮುಳಬಾಗಿಲು
20 ಆಗಸ್ಟ್ 2024

ಶ್ರೀಧರ್,

ನಿನ್ನ ಪತ್ರ ಪೆನ್‌ಡ್ರೈವಿಗಿಂತ ಮೊದಲೇ ಬಂದಿತ್ತು. ಆ ನಗುವವಳ ಬಾಯಲ್ಲಿ ಕೇಳಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೆ. ನಿನ್ನೆ ಸಂಜೆ ಅನಸೂಯಮ್ಮ ಹಳೆಯದನ್ನು ಹಾಕಿಕೊಟ್ಟು ಹೋದರು. ಅವ್ವನಿಂದ ಮೊದಲು ಏನು ಓದಿಸಲಿ ಎಂದು ಯೋಚಿಸಿ, ಹೋಗಲಿ ಪಾಪ, ತಂದುಕೊಟ್ಟವನದ್ದೇ ಓದಲಿ ಅಂತ ನಿನ್ನ ಪತ್ರ ತೆರೆದೆ.

ಗಂಟಲು ಸರಿಮಾಡಿಕೊಂಡಳು. ಆ ಸದ್ದಿಗೇ ನನಗೆ ಅಳು ಬಂತು. ತೋಟ, ಪಂಪ್‌ಸೆಟ್ಟು, ಮಾವ, ಟವೆಲ್, ಎಲ್ಲ ಓದಿದಳು. ಮಗನ ಮಾತು ಓದುವಾಗ ‘ನಾರಾಯಣಾ, ಉಂಡೇನೋ’ ಎಂದು ತಾನೇ ಅಂದಳು, ಬದುಕಿದ್ದಾಗ ದಿನಾ ಅನ್ನುತ್ತಿದ್ದ ಹಾಗೆ. ಆಮೇಲೆ ನನ್ನ ಹೆಸರು ಹಿಡಿದು ಕರೆದು, ‘ಶಿರೀಷಾ, ತಪ್ಪು ನನ್ನದು, ನನ್ನನ್ನು ಕ್ಷಮಿಸಿಬಿಡು’ ಅಂದಳು.

ಮಾವನಿಗೆ ಒಂದು ಮಾತು ಕೊಡದೆ ಧರ್ಮ ಹೇಳಿದವನು ನೀನು. ನಿನ್ನ ಕ್ಷಮೆಯನ್ನು ಯಾರ ಬಾಯಲ್ಲಿ ಹೇಳಿಸುತ್ತಿದ್ದೇನೆ ಅಂತ ಒಂದು ಗಳಿಗೆ ಯೋಚಿಸಲಿಲ್ಲವೇ? ಅವ್ವ ಜನ್ಮದಲ್ಲಿ ಯಾರ ಹತ್ತಿರವೂ ಕ್ಷಮೆ ಕೇಳಿದವಳಲ್ಲ. ಹೆಂಚಿಗೆ ಕೈ ಸುಟ್ಟುಕೊಂಡರೂ ಹೆಂಚಿನದೇ ತಪ್ಪು. ನನ್ನ ಕಣ್ಣು ಹೋದಾಗ ದೇವರನ್ನೇ ನಿಲ್ಲಿಸಿ ಬೈದವಳು. ಅಂಥವಳು ನನ್ನ ಮುಂದೆ ತಪ್ಪಾಯಿತು ಅಂದಳು. ಹೋಗಲಿ ಬಿಡವ್ವ ಎಂದು ನಾನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಆಮೇಲೆ ಎದ್ದು ದೀಪ ಹಾಕಿದೆ. ನನಗೆ ದೀಪ ಯಾಕೆ ಬೇಕು, ಗೊತ್ತಿಲ್ಲ, ಹಾಕಿದೆ.

ಆ ಪತ್ರವನ್ನು ಅಳಿಸಿದ್ದೇನೆ. ಕ್ಷಮೆಯೂ ಅದರ ಜೊತೆಗೇ ಹೋಯಿತು, ಹಾಗಾಗಿ ನಿನ್ನನ್ನು ಕ್ಷಮಿಸುವ ಪ್ರಶ್ನೆ ಇಲ್ಲ. ಮಾವನಿಗೆ ಒಂದು ಪ್ರತಿ ಮಾಡಿಕೊಡು. ಅವನು ಕೇಳಿದ್ದು ಅವಳದೇ ಮಾತು, ಅದನ್ನು ತಡೆಯಲು ನೀನು ಯಾರು?

ಇನ್ನು ನನಗೆ ಬರೆಯುವುದಿದ್ದರೆ ಬೈದು ಬರಿ. ಒಳ್ಳೆಯ ಮಾತು ಒಂದೂ ಬೇಡ. ‘ಏನೇ, ಹೊತ್ತು ನೆತ್ತಿಗೆ ಬಂದ್ರೂ ಬಿದ್ಕೊಂಡಿದೀಯ’ ಅಂತ ಶುರು ಮಾಡು, ಮುಂದಿನದು ನಿನಗೇ ಬರುತ್ತದೆ, ಅವ್ವ ನನ್ನನ್ನು ಬೈಯುವುದನ್ನು ಕೇಳಿದ್ದೀಯಲ್ಲ. ಉದ್ದವಾಗಿರಲಿ. ಭಾನುವಾರದೊಳಗೆ ಕಳಿಸು.

ಶಿರೀಷಾ